ಓದುಗರ ಪ್ರಶ್ನೆ: ಬಾಯಿ ತೆರೆದಿದ್ದರೂ ಬಾಟಲಿ ಒಡೆಯುವುದೇಕೆ?

ಪ್ರಶ್ನೆ: ಫ್ರೀಜರಿನಲ್ಲಿಟ್ಟ ಗಾಜಿನ ಬಾಟಲಿ ಬೆಳಗಾಗುವಷ್ಟರಲ್ಲಿ ಸೀಳಿತ್ತು. ಮುಚ್ಚಳ ಹಾಕಿರಲಿಲ್ಲ. ಮತ್ತೇಕೆ ಒಡೆಯಿತು?

ಉತ್ತರ: ಮುಚ್ಚಳದ ಕೆಲಸವನ್ನು ಐಸೇ ಮಾಡಿತು. ಕುತ್ತಿಗೆ ಕಿರಿದು, ಅಲ್ಲಿರುವ ನೀರು ಕಡಿಮೆ. ಹಾಗಾಗಿ ಅದು ಮೊದಲು ಗಟ್ಟಿಯಾಗಿ ಬಿರಡೆಯಂತೆ ಕೂರುತ್ತದೆ. ಒಳಗಿನ ನೀರು ಆಮೇಲೆ ಹೆಪ್ಪುಗಟ್ಟುವಾಗ ಅದಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ.

ಹಿಗ್ಗುವುದು ಸುಮಾರು 9 ಶೇಕಡಾ: 1 ಲೀಟರ್ ನೀರು ಐಸಾದರೆ ಹೆಚ್ಚುಕಡಿಮೆ 1.09 ಲೀಟರ್. ದ್ರವದಲ್ಲಿ ನೀರಿನ ಅಣುಗಳು ಒಂದರ ಮೈಗೊಂದು ಒತ್ತಿಕೊಂಡು ಓಡಾಡುತ್ತವೆ. ಐಸಿನಲ್ಲಿ ಪ್ರತಿ ಅಣುವೂ ನಾಲ್ಕು ನೆರೆಯ ಅಣುಗಳನ್ನು ಹಿಡಿದು ನಿಲ್ಲುವುದರಿಂದ ನಡುವೆ ಖಾಲಿ ಜಾಗ ಉಳಿಯುತ್ತದೆ. ಗಮನಿಸಿ, 25 ಡಿಗ್ರಿಯಿಂದ 4 ಡಿಗ್ರಿಗೆ ತಣಿಯುವಾಗ ನೀರು ಚೂರು ಕುಗ್ಗುತ್ತದೆ; ಅಲ್ಲಿಂದ ಕೆಳಗೆ ತುಸು ಹಿಗ್ಗುತ್ತದೆ; ದೊಡ್ಡ ಹಿಗ್ಗು ಹೆಪ್ಪುಗಟ್ಟುವಾಗಲೇ. ಎರಡು ಗಂಟೆ ಬಿಟ್ಟು ನೋಡಿದಾಗ ಬಾಟಲಿ ಸರಿಯಾಗೇ ಇತ್ತು ಎಂದು ನಂಬಬಾರದು.

ಗಾಜು ಬೇಡವೇ ಬೇಡ. ಸ್ಟೀಲ್ ಬಾಟಲಿಯ ತಳವೂ ಉಬ್ಬುತ್ತದೆ. 1 ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ 800 ಮಿಲಿಲೀಟರ್ ಸಾಕು, ನೀರು ಬಾಟಲಿಯ ಭುಜಕ್ಕಿಂತ ಕೆಳಗೇ ನಿಲ್ಲಲಿ. ಇದಕ್ಕಿಂತ ನೇರ ಗೋಡೆಯ, ಅಗಲ ಬಾಯಿಯ ಡಬ್ಬ ಒಳ್ಳೆಯದು. ಒಡೆದ ಬಾಟಲಿಯ ಐಸನ್ನು ತೊಳೆದು ಬಳಸಬೇಡಿ. ಕಣ್ಣಿಗೆ ಕಾಣದ ಗಾಜಿನ ಚೂರು ಅದರಲ್ಲಿರುತ್ತದೆ.

ಪ್ರಶ್ನೆ: ನೀರು ಕುದಿಸಿ ಆರಿಸಿ ಇಟ್ಟರೂ ಐಸಿನ ನಡುಭಾಗ ಬಿಳಿಯೇ. ಅಂಗಡಿಯ ಗಡ್ಡೆಯಂತೆ ತಿಳಿಯಾಗಿಸುವುದು ಹೇಗೆ?

ಉತ್ತರ: ಕುದಿಸುವುದಕ್ಕಿಂತ ಐಸು ಯಾವ ದಿಕ್ಕಿನಿಂದ ಕಟ್ಟುತ್ತದೆ ಎಂಬುದೇ ಮುಖ್ಯ. ಐಸು ತನ್ನೊಳಗೆ ಗಾಳಿಯನ್ನೂ ಲವಣವನ್ನೂ ಹೆಚ್ಚು ಸೇರಿಸಿಕೊಳ್ಳುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಟ್ರೇಯಲ್ಲಿ ಎಲ್ಲ ಕಡೆಯಿಂದ ಕಟ್ಟುತ್ತಾ ಬರುವುದರಿಂದ ತಳ್ಳಿಸಿಕೊಂಡದ್ದೆಲ್ಲ ನಡುವೆ ಸಿಕ್ಕಿಬೀಳುತ್ತದೆ. ಬಿಳಿ ಭಾಗವನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಗುಳ್ಳೆಗಳ ಸಾಲು ಕಾಣುತ್ತದೆ. ಬೋರ್‌ವೆಲ್ ನೀರಾದರೆ ಐಸು ಕರಗಿದ ಮೇಲೆ ಲೋಟದ ತಳದಲ್ಲಿ ಸುಣ್ಣದಂಥ ಪುಡಿಯೂ ಉಳಿಯುತ್ತದೆ.

ಅಂಗುಲ ದಪ್ಪ ಗೋಡೆಯ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅದಕ್ಕೆ ಸರಿಹೊಂದುವ ಪ್ಲಾಸ್ಟಿಕ್ ಡಬ್ಬ ಇಟ್ಟು, ಆರ್‌ಒ ನೀರು ತುಂಬಿ, ಎರಡಕ್ಕೂ ಮುಚ್ಚಳವಿಲ್ಲದೆ ಫ್ರೀಜರಿನಲ್ಲಿಡಿ. ಚಳಿ ಮೇಲಿನಿಂದಷ್ಟೇ ಇಳಿಯುತ್ತದೆ, ಕಲ್ಮಷ ತಳಕ್ಕೆ ಸರಿಯುತ್ತದೆ. 18 ಗಂಟೆಯಿಂದಲೇ ನೋಡುತ್ತಿರಿ. ಮುಕ್ಕಾಲು ಭಾಗ ಗಟ್ಟಿಯಾದಾಗ ತೆಗೆದು, ತಳದ ನೀರು ಚೆಲ್ಲಿ. ಪೂರ್ತಿ ಕಟ್ಟಲು ಬಿಟ್ಟರೆ ತಳ ಮತ್ತೆ ಬಿಳಿಯಾಗುತ್ತದೆ, ಡಬ್ಬವೂ ಬಿರಿಯಬಹುದು. ಕತ್ತರಿಸುವ ಮುನ್ನ ಮೇಲಿನ ಮಂಜಿನ ಪೊರೆ ಹೋಗುವವರೆಗೆ ಹೊರಗಿಡಿ. ತೆಗೆದ ಕೂಡಲೇ ಏಟು ಹಾಕಿದರೆ ಬೇಕಾದಲ್ಲಿ ತುಂಡಾಗದೆ ಉದ್ದಕ್ಕೂ ಬಿರುಕು ಬಿಡುತ್ತದೆ.

ಪ್ರಶ್ನೆ: ಶ್ರೀನಗರದ ದಾಲ್ ಸರೋವರ ಹೆಪ್ಪುಗಟ್ಟಿದಾಗ ಮೀನು ಸಾಯುವುದಿಲ್ಲವೇ?

ಉತ್ತರ: ಕಟ್ಟುವುದು ಮೇಲ್ಪದರ ಮಾತ್ರ. ಸಿಹಿನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಆ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಉಳಿದು ಐಸಾಗುತ್ತದೆ. ತೇಲುವ ಆ ಐಸೇ ಕೆಳಗಿನ ನೀರಿಗೆ ಕಂಬಳಿ.

ಪ್ರಶ್ನೆ: ಕೈಯಿಂದ ತಿರುವುವ ಐಸ್‌ಕ್ರೀಂ ಡಬ್ಬಕ್ಕೆ ಐಸಿನ ಜೊತೆ ಉಪ್ಪೇಕೆ? ಎಷ್ಟು?

ಉತ್ತರ: ಬರೀ ಐಸು ಕರಗುವಾಗ 0 ಡಿಗ್ರಿಯಲ್ಲೇ ನಿಲ್ಲುತ್ತದೆ, ಸಕ್ಕರೆ ಬೆರೆತ ಹಾಲು ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಚಳಿ ಬೇಕು. ಉಪ್ಪು ಸೇರಿದರೆ ಐಸು ಸೊನ್ನೆಗಿಂತ ಕೆಳಗೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಡಬ್ಬದಿಂದ ಎಳೆದುಕೊಳ್ಳುತ್ತದೆ. ಆ ಶಾಖ ಸಣ್ಣದಲ್ಲ: 1 ಗ್ರಾಂ ಐಸಿಗೆ 334 ಜೂಲ್, ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಬಿಸಿಮಾಡುವಷ್ಟು.

ತೂಕದಲ್ಲಿ 3 ಪಾಲು ಪುಡಿ ಐಸಿಗೆ 1 ಪಾಲು ಕಲ್ಲುಪ್ಪು, ಪದರ ಪದರವಾಗಿ. ಈ ಮಿಶ್ರಣ ಹೆಚ್ಚೆಂದರೆ ಮೈನಸ್ 21 ಡಿಗ್ರಿಗೆ ಇಳಿಯುತ್ತದೆ, ಬರಿಗೈ ಹಾಕಬೇಡಿ. ಕರಗಿದ ಉಪ್ಪುನೀರನ್ನು ಪೂರ್ತಿ ಬಸಿಯುವುದು ಹಲವರು ಮಾಡುವ ತಪ್ಪು. ಐಸಿನ ತುಂಡು ಡಬ್ಬಕ್ಕೆ ಅಲ್ಲಲ್ಲಿ ತಾಗುತ್ತದೆ, ಉಪ್ಪುನೀರು ಮೈತುಂಬ ತಾಗುತ್ತದೆ. ಅದರ ಮಟ್ಟ ಡಬ್ಬದ ಮುಚ್ಚಳಕ್ಕಿಂತ ಎರಡು ಬೆರಳು ಕೆಳಗಿರುವಂತೆ ಮಾತ್ರ ನೋಡಿಕೊಳ್ಳಿ, ಇಲ್ಲವಾದರೆ ಸಂದಿಯಿಂದ ಉಪ್ಪು ಹಾಲಿಗೆ ಇಳಿಯುತ್ತದೆ.