ಎಚ್‌ಆರ್‌ಗೆ ದೂರು ಕೊಟ್ಟ ಮೇಲೆ ಪಿಐಪಿ (ಇಷ್ಟು ದಿನದೊಳಗೆ ಕೆಲಸ ಸುಧಾರಿಸಿಕೊಳ್ಳಿ ಎಂಬ ಕಂಪನಿಯ ಲಿಖಿತ ಎಚ್ಚರಿಕೆ) ಬಂತು. ತಾರತಮ್ಯ ಸಾಬೀತಾಗುವವರೆಗೆ ಕಾಯಬೇಕಾ?

ಕಾಯಬೇಡಿ. ನಿಮ್ಮ ಹಾಗೆಯೇ ನಾನೂ ಅಮೆರಿಕದಲ್ಲಿ ಮ್ಯಾನೇಜರ್ ಮೇಲೆ ದೂರು ಕೊಟ್ಟಿದ್ದೆ. ಮೂರೇ ವಾರಕ್ಕೆ ಪಿಐಪಿ ಹಾಕಿದರು, ಎರಡು ತಿಂಗಳಿಗೆ ಕೆಲಸ ಹೋಯಿತು.

ಆ ಮ್ಯಾನೇಜರ್ ಮೀಟಿಂಗ್‌ನಲ್ಲಿ ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುತ್ತಿದ್ದರು. "ನಿಮ್ಮ ದೇಶದವರಿಗೆ ಎಷ್ಟು ಹೇಳಿದರೂ ಅಷ್ಟೇ" ಎಂದು ಎಲ್ಲರ ಮುಂದೆ ಅಂದರು. ಆದರೆ ಎಚ್‌ಆರ್‌ಗೆ ನಾನು ಬರೆದದ್ದು ಏನು ಗೊತ್ತಾ? "ಮ್ಯಾನೇಜರ್ ನನ್ನ ಜೊತೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲ." ಅಷ್ಟೇ. ಜಗಳಗಂಟ ಅನ್ನಿಸಿಕೊಳ್ಳಬಾರದು ಅಂತ ದೇಶದ ಮಾತೇ ಎತ್ತಲಿಲ್ಲ. ಅದನ್ನು ಫೋನಿನಲ್ಲಿ ಹೇಳಿದ್ದೆ. ಫೋನಿನ ಮಾತಿಗೆ ದಾಖಲೆ ಎಲ್ಲಿದೆ?

ವಕೀಲರು ಆ ಮೇಲ್ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. 1964ರ ನಾಗರಿಕ ಹಕ್ಕು ಕಾಯ್ದೆಯ ಟೈಟಲ್ 7 ಕೆಟ್ಟ ಬಾಸ್‌ನಿಂದ ಯಾರನ್ನೂ ಕಾಪಾಡಲ್ಲ. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ, ಇವುಗಳ ಕಾರಣಕ್ಕೆ ಆಗುವ ತಾರತಮ್ಯವನ್ನು ವಿರೋಧಿಸಿದವರನ್ನು ಕಾಪಾಡುತ್ತದೆ. ನನ್ನ ಮೇಲ್‌ನಲ್ಲಿ ಇವುಗಳಲ್ಲಿ ಒಂದು ಪದವೂ ಇರಲಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಅದು ತಾರತಮ್ಯದ ದೂರೇ ಅಲ್ಲ. ಅಂಥ ದೂರಿನ ದಾಖಲೆಯೇ ಇಲ್ಲದ ಮೇಲೆ ಅದಕ್ಕೆ ಸೇಡು ತೀರಿಸಿಕೊಂಡರು ಅನ್ನುವುದು ಹೇಗೆ? "ನಾನು ಭಾರತದವನು ಅಂತ ಹೀಗೆ ಮಾಡುತ್ತಿದ್ದಾರೆ" ಎಂಬ ಒಂದೇ ಸಾಲು ಸಾಕಿತ್ತು. ಆ ಸಾಲಿಲ್ಲದೆ ನನ್ನ ಕೇಸ್ ನಿಲ್ಲಲಿಲ್ಲ.

ತಾರತಮ್ಯ ಮೊದಲು ಸಾಬೀತಾಗಬೇಕು ಅನ್ನುವ ನಿಮ್ಮ ಲೆಕ್ಕವೇ ತಪ್ಪು. ತಾರತಮ್ಯ ಆಗಿದೆ ಎಂದು ನೀವು ಪ್ರಾಮಾಣಿಕವಾಗಿ ನಂಬಿದ್ದು, ಆ ನಂಬಿಕೆಗೆ ಆಧಾರವಿದ್ದರೆ ಸಾಕು. ಕಷ್ಟ ಇರುವುದು ಬೇರೆ ಕಡೆ. ದೂರು ಕೊಡದೇ ಇದ್ದಿದ್ದರೆ ಈ ಶಿಕ್ಷೆ ಆಗುತ್ತಿರಲಿಲ್ಲ ಎಂದು ತೋರಿಸಬೇಕು. 2013ರಿಂದ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೇ ಕೇಳುತ್ತಿದೆ. ದೂರಿಗೆ ಮುಂಚೆ ಬಂದ ಒಳ್ಳೆಯ ರಿವ್ಯೂಗಳು, ಯಾವುದು ಯಾವ ದಿನ ನಡೆಯಿತು ಅನ್ನುವ ಪಟ್ಟಿ, ಎರಡೂ ಅದಕ್ಕೇ ಬೇಕು. ಬರೀ ಪಿಐಪಿಯನ್ನು ಎಲ್ಲ ಕೋರ್ಟ್‌ಗಳೂ ಶಿಕ್ಷೆ ಅಂತ ಒಪ್ಪಲ್ಲ, ಅದೂ ತಿಳಿದಿರಲಿ.

ಎಚ್‌ಆರ್ ತನಿಖೆ ಮುಗಿಯಲಿ ಅಂತ ಕೂತರೆ ದಿನ ಜಾರುತ್ತದೆ. ಇಇಒಸಿಗೆ (ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ) ದೂರು ಕೊಡಲು ಇರುವುದು 180 ದಿನ. ತಾರತಮ್ಯದ ವಿರುದ್ಧ ಸ್ವಂತ ಕಾನೂನು, ಸಂಸ್ಥೆ ಇರುವ ರಾಜ್ಯಗಳಲ್ಲಿ 300. ತನಿಖೆ ನಡೀತಿದೆ ಅಂತ ಆ ಎಣಿಕೆ ನಿಲ್ಲಲ್ಲ.

ಈಗಲೇ ನಿಮ್ಮ ಹಳೇ ಮೇಲ್ ತೆಗೆದು ಓದಿ. ಕಾರಣ ಬರೆದಿಲ್ಲ ಅಂದರೆ ಇವತ್ತೇ ಇನ್ನೊಂದು ಕಳಿಸಿ. ಆಗಿಹೋದ ಪಿಐಪಿಗೆ ಅದು ಅನ್ವಯಿಸಲ್ಲ. ಇನ್ನು ಮುಂದೆ ಅವರು ಏನು ಮಾಡಿದರೂ ಅದಕ್ಕೆ ಮುಂಚಿನ ದೂರೊಂದು ನಿಮ್ಮ ಕೈಯಲ್ಲಿರುತ್ತದೆ.