ಏಟು ತಿಂದ ಗಿಟಾರ್ ಬಗ್ಗೆ ನಾಪೋಕ್ಲು ಟೀಚರ್‌ಗೆ ಒಂದು ಉತ್ತರ

ಟೀಚರ್, ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ. ಬೇರೆ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಕೊಡಗಿನ ನಾಪೋಕ್ಲು ಹತ್ತಿರದ ನಿವೃತ್ತ ಶಿಕ್ಷಕಿ. ಮೊಬೈಲ್ ನೋಡಿಕೊಂಡು ಗಿಟಾರ್ ಕಲಿಯುತ್ತಿದ್ದೀರಿ. ಪಕ್ಕದ ತೋಟದವರು ಹೋಂಸ್ಟೇ ಮುಚ್ಚಿ ಸಾಮಾನು ಮಾರುವಾಗ ಒಂದು ಹಳೇ ಗಿಟಾರನ್ನು 1,500 ರೂಪಾಯಿಗೆ ತಂದಿರಿ. ಅದರ ಮುಂಭಾಗದ ಪಾಲಿಶ್ ಎದ್ದುಹೋಗಿದೆ. ಅಂಚಿನಲ್ಲಿ ಒಂದು ಚಕ್ಕೆ ಕಿತ್ತಿದೆ. ತಲೆಯ ಮೇಲೆ ಸಿಗರೇಟು ಸುಟ್ಟ ಕಲೆ ಇದೆ. ಹಿಂದೆ ಯಾರೋ ಚಾಕುವಿನಲ್ಲಿ ಎರಡು ಅಕ್ಷರ ಕೆತ್ತಿದ್ದಾರೆ. ಕಂಪನಿಯ ಹೆಸರು ಅಳಿಸಿಹೋಗಿದೆ. ಆದರೂ ಬೆರಳಿಗೆ ಹಗುರ, ಶ್ರುತಿಯೂ ನಿಲ್ಲುತ್ತದೆ. ಬೆಂಗಳೂರಿನಲ್ಲಿರುವ ನಿಮ್ಮ ತಮ್ಮನ ಮಗ ಅದನ್ನು ನೋಡಿ "ಗುಜರಿಗೆ ಹಾಕಿ ಅತ್ತೆ, 25,000ದ ಒಳಗೆ ಹೊಸದು ಕೊಡಿಸ್ತೀನಿ" ಅಂದಿದ್ದಾರೆ. ನೀವು ಕೇಳಿರುವುದು ಇಷ್ಟು: "ಇದು ನನಗೆ ಹಿಡಿಸಿರೋದು ಬರೀ ಮೋಹವಾ, ಇಲ್ಲ ಇದರಲ್ಲಿ ನಿಜವಾಗಿ ಏನಾದರೂ ಇದೆಯಾ? ಮಳೆಗಾಲಕ್ಕೆ ಏನು ಮಾಡಲಿ? ಪಾಲಿಶ್ ಮಾಡಿಸಲಾ?"

ಇದೆ, ಟೀಚರ್. ಬರೀ ಮೋಹ ಅಲ್ಲ.

ಯಾಕೆ ಅಂದರೆ, ಕೆಟ್ಟ ಗಿಟಾರ್ ಸವೆಯುವುದೇ ಇಲ್ಲ. ತಂತಿ ಎತ್ತರದಲ್ಲಿದ್ದು ಬೆರಳು ಕೊಯ್ಯುವ ಗಿಟಾರ್ ತಂದ ಸ್ವಲ್ಪ ದಿನಕ್ಕೇ ಬೀರುವಿನ ಮೇಲೆ ಹೋಗುತ್ತದೆ. ಅಲ್ಲಿ ಧೂಳು ಕೂರುತ್ತದೆಯೇ ಹೊರತು ಪಾಲಿಶ್ ಹಾಗೇ ಇರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಂಥ ಗಿಟಾರ್‌ಗಳಿವೆ. ಮಗ ಕಾಲೇಜಿಗೆ ಹೋದಾಗ ಆಸೆಪಟ್ಟು ತಂದದ್ದು, ನೋಡಲು ಇನ್ನೂ ಹೊಸದು, ನುಡಿಸಿದವರು ಯಾರೂ ಇಲ್ಲ. ನಿಮ್ಮದು ಸವೆದಿದೆ ಎಂದರೆ ಅದನ್ನು ಜನ ಎತ್ತಿಕೊಂಡಿದ್ದಾರೆ, ಕೆಳಗಿಡಲು ಮನಸ್ಸಾಗದೆ ಮತ್ತೆ ಮತ್ತೆ ನುಡಿಸಿದ್ದಾರೆ. ಬೆಲೆ ಕಡಿಮೆ, ಮೈತುಂಬ ಗಾಯ, ಆದರೂ ಚೆನ್ನಾಗಿ ನುಡಿಯುತ್ತದೆ ಅನ್ನುವ ಗಿಟಾರ್ ಆಗಲೇ ಪರೀಕ್ಷೆ ಪಾಸಾಗಿದೆ. ಹೊಸದಕ್ಕೆ ಆ ಪರೀಕ್ಷೆ ಇನ್ನು ಮುಂದೆ.

ಗಾಯಗಳಲ್ಲೂ ಎರಡು ಬಗೆ. ನಿಮ್ಮ ಗಿಟಾರನ್ನು ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ನೋಡಿ. ಸೌಂಡ್ ಹೋಲ್‌ನ, ಅಂದರೆ ನಡುವಿನ ದುಂಡು ತೂತಿನ, ಕೆಳಗಡೆ ಪಾಲಿಶ್ ಎದ್ದಿದ್ದರೆ ಅದು ತಂತಿ ಮೀಟುವ ಬಿಲ್ಲೆ, ಅಂದರೆ ಪಿಕ್, ಉಜ್ಜಿ ಆದದ್ದು. ನೆಕ್‌ನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ಹಿಂಭಾಗ ನುಣುಪಾಗಿದ್ದರೆ ಅದು ಹೆಬ್ಬೆರಳು ಓಡಾಡಿ ಆದದ್ದು. ಮೊದಲ ಮೂರು ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡ ಕಂಬಿಗಳ) ಮೇಲೆ, ತೆಳು ತಂತಿಗಳ ಕೆಳಗೆ ಸಣ್ಣ ಹಳ್ಳ ಬಿದ್ದಿದ್ದರೆ, ಹಿಂದಿನವರು ಸಿ, ಡಿ, ಎ ಮೈನರ್ ಥರದ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಜಾಸ್ತಿ ಹಿಡಿದಿದ್ದಾರೆ. ಇವೆಲ್ಲ ಬಳಕೆಯ ಗುರುತು. ಚಕ್ಕೆ ಎದ್ದದ್ದು, ಸುಟ್ಟ ಕಲೆ ಇವು ಅಪಘಾತಗಳು. ದನಿಗೆ ಇವುಗಳಿಂದ ತೊಂದರೆ ಇಲ್ಲ. ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ, ಅಲ್ಲಿನ ಮಾರ್ಟಿನ್ ಕಂಪನಿಯ ಗಿಟಾರಿಗೆ ಟ್ರಿಗರ್ ಅಂತ ಹೆಸರಿಟ್ಟಿದ್ದಾರೆ. ಅದು ನೈಲಾನ್ ತಂತಿಯದ್ದು, ಪಿಕ್ ತಾಗದಂತೆ ಕಾಯುವ ಪಟ್ಟಿ ಅದಕ್ಕೆ ಇರಲಿಲ್ಲ. ಪಿಕ್ ಉಜ್ಜಿ ಉಜ್ಜಿ ಸೌಂಡ್ ಹೋಲ್ ಪಕ್ಕದಲ್ಲಿ ಇನ್ನೊಂದು ತೂತೇ ಬಿತ್ತು. ಅವರು ಅದನ್ನೇ ನುಡಿಸಿಕೊಂಡು ಬಂದರು. ಅದು ಅಗ್ಗದ ಗಿಟಾರ್ ಆಗಿರಲಿಲ್ಲ, ನಿಜ. ಆದರೆ ತೂತು ಬಿದ್ದರೂ ನುಡಿಯುತ್ತದೆ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ಬೆಲೆಯ ವಿಚಾರ. "ಒಳ್ಳೆ ಮರ ಇಲ್ಲದಿದ್ದರೆ ಒಳ್ಳೆ ದನಿ ಎಲ್ಲಿ" ಎಂದು ನಿಮ್ಮ ತಮ್ಮನ ಮಗ ಕೇಳಿದ್ದಾರಂತೆ. ಕೊಡಗಿನವರಾದ ನಾವು ಇದಕ್ಕೆ ಉತ್ತರ ತಿಳಿದಿರಲೇಬೇಕು, ಯಾಕೆಂದರೆ ಆ ಒಳ್ಳೆ ಮರ ನಮ್ಮ ತೋಟಗಳಲ್ಲೇ ನಿಂತಿದೆ. ಕಾಫಿ ಗಿಡಕ್ಕೆ ನೆರಳು ಕೊಡುವ ಬೀಟೆಯನ್ನು ಗಿಟಾರ್ ಲೋಕದಲ್ಲಿ ಇಂಡಿಯನ್ ರೋಸ್‌ವುಡ್ ಅನ್ನುತ್ತಾರೆ. ಮೊದಲು ದುಬಾರಿ ಗಿಟಾರ್‌ಗಳ ಹಿಂಭಾಗ ಮತ್ತು ಪಕ್ಕಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿತು. ಆಮೇಲೆ, 1969ರ ಹೊತ್ತಿಗೆ, ಮಾರ್ಟಿನ್ ಕಂಪನಿ ನಮ್ಮ ದೇಶದ ಬೀಟೆಗೆ ಬದಲಾಯಿತು. ಆಗಿನಿಂದ ಬೀಟೆ ಅಂದರೆ ಶ್ರೀಮಂತ ದನಿ ಅನ್ನುವ ನಂಬಿಕೆ ಗಟ್ಟಿಯಾಯಿತು.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಈ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿದರು. ಆರು ಗಿಟಾರ್. ಎಲ್ಲವೂ ಒಂದೇ ವಿನ್ಯಾಸ, ಹಿಂಭಾಗ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ ರೋಸ್‌ವುಡ್ ಇತ್ತು, ನಮ್ಮ ಬೀಟೆ ಇತ್ತು, ಕಡಿಮೆ ಬೆಲೆಯ ಮರಗಳೂ ಇದ್ದವು. ಯಾವ ಮರ ಎಂದು ಕಾಣದಂತೆ ಮಾಡಿ 52 ಗಿಟಾರ್ ವಾದಕರಿಗೆ ನುಡಿಸಲು ಕೊಟ್ಟರು. ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ತೋರ್ರೆಸ್ 1862ರಲ್ಲೇ ಇದನ್ನು ಇನ್ನೊಂದು ರೀತಿ ತೋರಿಸಿದ್ದರು. ಮುಂಭಾಗಕ್ಕೆ ಒಳ್ಳೆಯ ಮರದ ಹಲಗೆ ಹಾಕಿ, ಹಿಂಭಾಗ ಮತ್ತು ಪಕ್ಕಗಳನ್ನು ರಟ್ಟಿನಲ್ಲಿ ಮಾಡಿದರು! ದನಿ ಹುಟ್ಟುವುದು ಮುಖ್ಯವಾಗಿ ಮುಂಭಾಗದ ಹಲಗೆಯಲ್ಲಿ ಅನ್ನುವುದು ಅವರ ವಾದ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಂತೂ ಹಾರ್ಡ್‌ಬೋರ್ಡ್ ಮೈಯ ಡಾನ್‌ಎಲೆಕ್ಟ್ರೋ ಒಂದು ಕಾಲಕ್ಕೆ ಅಮೆರಿಕದಲ್ಲಿ ಅಗ್ಗದ ಮಾಲು. ಅದನ್ನು ಲೆಡ್ ಜೆಪ್ಪೆಲಿನ್ ರಾಕ್ ತಂಡದ ಜಿಮ್ಮಿ ಪೇಜ್ ದೊಡ್ಡ ವೇದಿಕೆಗಳಲ್ಲಿ ನುಡಿಸಿದರು.

ನಿಮ್ಮ ತಮ್ಮನ ಮಗನ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ. 25,000ದ ಒಳಗೆ ಸಾಲಿಡ್ ಟಾಪ್ ಸಿಗುತ್ತದೆ, ಅಂದರೆ ಮುಂಭಾಗಕ್ಕೆ ಪ್ಲೈವುಡ್ ಬದಲು ಅಪ್ಪಟ ಮರದ ಹಲಗೆ. ಅದರ ದನಿ ದೊಡ್ಡದು, ತುಂಬು ದನಿ. ಅಗ್ಗದ ಗಿಟಾರ್‌ಗಳ ಮುಂಭಾಗ ಸಾಮಾನ್ಯವಾಗಿ ಪ್ಲೈವುಡ್. ನೀವು ಬರೆದದ್ದು ನೋಡಿದರೆ ನಿಮ್ಮದೂ ಹಾಗೇ ಇರಬೇಕು. ಚಕ್ಕೆ ಎದ್ದ ಜಾಗದಲ್ಲಿ ಪದರ ಪದರವಾಗಿ ಕಾಣುತ್ತದೆ ಅಂದಿರಲ್ಲ.

ಆದರೆ ನಾಪೋಕ್ಲುವಿನಲ್ಲಿ ಆ ಪ್ಲೈವುಡ್ಡೇ ನಿಮ್ಮ ಅದೃಷ್ಟ. ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇಕಡಾ 45ರಿಂದ 55. ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಆ ಮಟ್ಟ ಮತ್ತೆ ಸಿಗುವುದು ಯಾವಾಗ? ಜಡಿಮಳೆಯ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮರ ಗಾಳಿಯ ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ. ಮುಂಭಾಗ ಉಬ್ಬುತ್ತದೆ, ತಂತಿಗಳನ್ನು ಕಟ್ಟುವ ಮರದ ತುಂಡು, ಅಂದರೆ ಬ್ರಿಜ್, ಮೇಲೇಳುತ್ತದೆ, ತಂತಿ ಎತ್ತರವಾಗುತ್ತದೆ. ಮಳೆ ಮುಗಿದು ಕಾಫಿ ಕೊಯ್ಲಿನ ಹೊತ್ತಿಗೆ ಗಾಳಿ ಒಣಗುತ್ತದೆ. ಆಗ ಅದೇ ಮರ ಕುಗ್ಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಪ್ಲೈವುಡ್‌ನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಂಟಿಸಿರುತ್ತಾರೆ. ಒಂದು ಹಿಗ್ಗಲು ಹೋದರೆ ಇನ್ನೊಂದು ಬಿಡುವುದಿಲ್ಲ. ದನಿ ಸ್ವಲ್ಪ ಕಡಿಮೆ, ಆದರೆ ಹಿಗ್ಗು ಕುಗ್ಗು ತುಂಬಾ ಕಡಿಮೆ. ದುಬಾರಿ ಗಿಟಾರ್ ತಂದರೆ ಮಳೆಗಾಲವಿಡೀ ಅದನ್ನು ಕೇಸಿನಲ್ಲಿಟ್ಟು ಕಾಯಬೇಕು. ನಿಮ್ಮದು ಹೊರಗೇ ಇರಬಹುದು.

ಹಾಗಂತ ಪೂರ್ತಿ ಮರೆಯುವ ಹಾಗಿಲ್ಲ. ಹೊರಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ಆ ಗೋಡೆಗೆ ತಣಸು ಹಿಡಿಯುತ್ತದೆ. ಒಳಗೋಡೆಯಾದರೆ ಸರಿ. ಒಲೆಯ ಹತ್ತಿರವಂತೂ ಬೇಡವೇ ಬೇಡ, ಬಿಸಿಗೆ ಅಂಟು ಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಅಷ್ಟೇ. ನುಡಿಸಿದ ಮೇಲೆ ಹಳೇ ಕಾಟನ್ ಬಟ್ಟೆಯಲ್ಲಿ ತಂತಿಗಳನ್ನು ಒರೆಸಿ. ಬೆವರೂ ತೇವವೂ ಸೇರಿದರೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಇನ್ನು ಅಸಲು ವಿಚಾರ. ಬೆರಳಿಗೆ ಹಗುರ ಅಂದಿರಿ, ಶ್ರುತಿ ನಿಲ್ಲುತ್ತದೆ ಅಂದಿರಿ. ಒಂದು ಗಿಟಾರ್ ನುಡಿಸಲು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಅದರ ಬೆಲೆ ತೀರ್ಮಾನಿಸುವುದಿಲ್ಲ. ಕೆಲವು ಮಿಲಿಮೀಟರ್‌ಗಳು ತೀರ್ಮಾನಿಸುತ್ತವೆ. ಹನ್ನೆರಡನೇ ಫ್ರೆಟ್‌ನ ಕಂಬಿಯಿಂದ ದಪ್ಪ ತಂತಿಯ ಕೆಳಭಾಗದವರೆಗೆ ಸ್ಕೇಲ್ ಹಿಡಿದು ಅಳೆಯಿರಿ. ಎರಡೂವರೆ ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. ತೆಳು ತಂತಿಗೆ ಎರಡು ಸಾಕು. ಗಿಟಾರಿನವರು ಇದನ್ನು ಆಕ್ಷನ್ ಅನ್ನುತ್ತಾರೆ. ನಾಲ್ಕು ಮಿ.ಮೀ. ದಾಟಿದರೆ ಕಲಿಯುವವರ ಬೆರಳು ಸೋಲುತ್ತದೆ. ಎಷ್ಟೋ ಜನ ತಮಗೆ ಸಂಗೀತ ಬರುವುದಿಲ್ಲ ಎಂದುಕೊಂಡು ಬಿಟ್ಟದ್ದು ಈ ಒಂದೂವರೆ ಮಿಲಿಮೀಟರ್‌ಗೆ. ನನಗೆ ಇದು ನಿಜಕ್ಕೂ ಸಂಕಟ ಕೊಡುವ ವಿಷಯ. ಸರಿ ಮಾಡುವುದು ಕಷ್ಟವೂ ಅಲ್ಲ. ಬ್ರಿಜ್ ಮೇಲಿನ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ಹೊರಗೆ ತೆಗೆಯಲು ಬರುತ್ತದೆ. ಅದರ ತಳವನ್ನು ಸಮತಟ್ಟಾದ ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜಬೇಕು. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ನಡುವೆ ಇರುವುದರಿಂದ, ಅಲ್ಲಿ ಒಂದು ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿ.ಮೀ. ಹೋಗಬೇಕು. ಒಂದೇ ಸಲ ಉಜ್ಜಬೇಡಿ. ಅರ್ಧರ್ಧ ಮಿ.ಮೀ. ಇಳಿಸಿ, ತಂತಿ ಕಟ್ಟಿ, ನುಡಿಸಿ ನೋಡಿ. ಜಾಸ್ತಿ ಇಳಿದರೆ ತಂತಿ ಫ್ರೆಟ್‌ಗೆ ತಾಗಿ ಗುಯ್ಯೆನ್ನುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ. ಹನ್ನೆರಡನೇ ಫ್ರೆಟ್‌ನ ಕಂಬಿಯ ನೇರಕ್ಕೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿ. ಗಂಟೆಯಂಥ ನಾದ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾದರೆ ಫ್ರೆಟ್‌ಗಳೂ ಬ್ರಿಜ್ಜೂ ಸರಿಯಾದ ಜಾಗದಲ್ಲಿವೆ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಹೊಸ ತಂತಿ ಹಾಕಿ ಮತ್ತೆ ನೋಡಿ. ದೊಡ್ಡ ವ್ಯತ್ಯಾಸ ಇದ್ದರೆ ಅದಕ್ಕೆ ಅಗ್ಗದ ಪರಿಹಾರ ಇಲ್ಲ, ಅಂಥ ಗಿಟಾರನ್ನು ಯಾವ ಬೆಲೆಗೂ ತೆಗೆದುಕೊಳ್ಳಬಾರದು. ಈಗ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನಡೆಸುವ ಯಂತ್ರಗಳು ಫ್ರೆಟ್ ಕೂರುವ ಸೀಳುಗಳನ್ನು ಕೊರೆಯುತ್ತವೆ. ಅದರಿಂದ ಅಗ್ಗದ ಗಿಟಾರ್‌ನಲ್ಲೂ ಈ ತಪ್ಪು ಅಪರೂಪವಾಗಿದೆ.

ನೀವು ನಿಜವಾಗಿ ಹೆದರಬೇಕಾದ ಗಾಯಗಳು ಬೇರೆ. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ, ಹಗಲೂ ರಾತ್ರಿ. ಬ್ರಿಜ್‌ನ ಹಿಂದಿನ ಅಂಚಿನಡಿ ಒಂದು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ತಂತಿ ಸಡಿಲಿಸಿ ರಿಪೇರಿಗೆ ಕೊಡಿ. ನೆಕ್ ಮೈಗೆ ಸೇರುವ ಜಾಗದಲ್ಲಿ ಬಿರುಕು ಇದೆಯಾ ನೋಡಿ. ನೆಕ್ ಬಾಗಿದೆಯೇ ತಿಳಿಯಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಹದಿನಾಲ್ಕನೆಯದರಲ್ಲೂ ಒಟ್ಟಿಗೆ ಒತ್ತಿ. ಏಳನೇ ಫ್ರೆಟ್ ಮತ್ತು ತಂತಿಯ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇರಬೇಕು. ಇವು ಮೂರೂ ಸರಿ ಇದ್ದರೆ ಮಿಕ್ಕ ಗಾಯಗಳ ಚಿಂತೆ ಬಿಡಿ.

ಇಷ್ಟೆಲ್ಲ ಲೆಕ್ಕದ ಆಚೆ, ನನಗೆ ಇಂಥ ಗಿಟಾರ್‌ಗಳ ಮೇಲೆ ಪ್ರೀತಿ ಇರುವುದಕ್ಕೆ ಮುಖ್ಯ ಕಾರಣ ಒಂದಿದೆ. ಅವುಗಳಿಗೆ ಯಾರೂ ಹೆದರುವುದಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರು ಬಂದಾಗ ನಿಮ್ಮ ಗಿಟಾರ್ ಮಕ್ಕಳ ಕೈಗೆ ಹೋಗಬಹುದು. ಚಳಿಗಾಲದಲ್ಲಿ ಅಂಗಳದ ಬೆಂಕಿಯ ಸುತ್ತ ಒಬ್ಬರಿಂದ ಒಬ್ಬರಿಗೆ ದಾಟಬಹುದು. ವಿರಾಜಪೇಟೆ ಕಡೆಯ ಚರ್ಚುಗಳ ಕಾಯರ್‌ನಲ್ಲಿ ಹಾಡಿ ಬೆಳೆದವರನ್ನು ಕೇಳಿ, ಮೊದಲ ಕಾರ್ಡ್ ಹಿಡಿದದ್ದು ತಮ್ಮದೇ ಗಿಟಾರ್‌ನಲ್ಲಿ ಅನ್ನುವವರು ಕಡಿಮೆ. ಯಾರೋ ಅಣ್ಣನ ಹಳೇ ಗಿಟಾರ್, ಬಿದ್ದರೂ ಯಾರೂ ಬೈಯದ ಗಿಟಾರ್. 25,000ದ ಗಿಟಾರನ್ನು ಐದು ವರ್ಷದ ಮಗುವಿನ ತೊಡೆಯ ಮೇಲೆ ಇಡಲು ನಿಮಗೆ ಮನಸ್ಸು ಬರುತ್ತದಾ? ಕೈಗೆ ಸಿಗುವ ಜಾಗದಲ್ಲಿ ಬಿದ್ದಿರುವ ಗಿಟಾರನ್ನು ಜನ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡದ್ದರಿಂದಲೇ ಕಲಿಯುತ್ತಾರೆ.

ಈ ಹಳೇ ರೂಪಕ್ಕೆ ಈಗ ಮಾರುಕಟ್ಟೆಯೂ ಇದೆ. ಅಮೆರಿಕದ ಗಿಟಾರ್ ತಯಾರಕ ಫೆಂಡರ್ ಕಂಪನಿ 1995ರಲ್ಲಿ, ಕಾರ್ಖಾನೆಯಲ್ಲೇ ಗೀಚಿ, ಸವೆಸಿ, ಹಳೆಯದರಂತೆ ಮಾಡಿದ ಹೊಸ ಗಿಟಾರ್‌ಗಳನ್ನು ತಂದಿತು. ಮಾಮೂಲಿ ಹೊಸದಕ್ಕಿಂತ ಅವುಗಳ ಬೆಲೆ ಜಾಸ್ತಿ. ಕೊಳ್ಳುವವರು ಕೊಳ್ಳಲಿ. ನನಗೆ ಮಾತ್ರ ಗೀಚಿನಲ್ಲಿ ಆಸಕ್ತಿ ಇಲ್ಲ, ಗೀಚಿದ ಕೈಗಳಲ್ಲಿದೆ.

ಹಾಗಾಗಿ ಪಾಲಿಶ್ ಬೇಡ, ಟೀಚರ್. ಮುಂಭಾಗಕ್ಕೆ ದಪ್ಪ ಪಾಲಿಶ್ ಕೂತರೆ ಹಲಗೆಯ ಅದುರು ಕಡಿಮೆಯಾಗುತ್ತದೆ, ದನಿ ಮಂಕಾಗುತ್ತದೆ. ಅಜ್ಜನ ಕಾಲದ ದುಡಿ, ಅಂದರೆ ನಮ್ಮ ಪುಟ್ಟ ಚರ್ಮವಾದ್ಯ, ಹಳತಾದರೆ ನಾವು ಚರ್ಮ ಬದಲಿಸುತ್ತೇವೆ, ದುಡಿಗೆ ಬಣ್ಣ ಹೊಡೆಯುವುದಿಲ್ಲ ಅಲ್ವಾ? ಹಿಂಭಾಗದ ಆ ಎರಡು ಅಕ್ಷರ ಅಳಿಸಲು ಉಜ್ಜಲೂ ಹೋಗಬೇಡಿ. ಪ್ಲೈವುಡ್‌ನ ಮೇಲಿನ ಪದರ ಒಂದು ಮಿಲಿಮೀಟರ್‌ಗಿಂತ ತೆಳು. ಅಕ್ಷರ ಹೋಗುವಷ್ಟರಲ್ಲಿ ಪದರವೇ ಹೋಗಿರುತ್ತದೆ. ಚಕ್ಕೆ ಎದ್ದ ಅಂಚಿಗೆ ಮಾತ್ರ ಮರದ ಅಂಟು ಹಾಕಿ ಒಂದು ರಾತ್ರಿ ಒತ್ತಿ ಕಟ್ಟಿಡಿ, ಇಲ್ಲದಿದ್ದರೆ ಮಳೆಯ ತೇವ ಪದರಗಳೊಳಗೆ ಇಳಿಯುತ್ತದೆ.

ನಿಮ್ಮ ತಮ್ಮನ ಮಗನ ಪ್ರೀತಿಯನ್ನು ಬೇಡ ಅನ್ನಬೇಡಿ. ಸದ್ಯಕ್ಕೆ ಒಂದೆರಡು ಸೆಟ್ ಒಳ್ಳೆಯ ತಂತಿ, ಒಂದು ಟ್ಯೂನರ್, ಒಂದು ದಪ್ಪ ಬ್ಯಾಗ್ ತರಲು ಹೇಳಿ. ತಂತಿ 10ರಿಂದ ಶುರುವಾಗುವ (ಅತಿ ತೆಳು ತಂತಿಯ ದಪ್ಪ 0.010 ಇಂಚು) ಎಕ್ಸ್‌ಟ್ರಾ ಲೈಟ್ ಇರಲಿ. ಹಳೇ ಬ್ರಿಜ್ ಮೇಲೆ ಎಳೆತ ಕಡಿಮೆಯಾಗುತ್ತದೆ, ನಿಮ್ಮ ಬೆರಳಿಗೂ ಹಿತ. ಎರಡು ವರ್ಷ ಇದರಲ್ಲೇ ನುಡಿಸಿ. ಆಮೇಲೂ ದನಿ ಸಾಲದು ಅನ್ನಿಸಿದರೆ ಸಾಲಿಡ್ ಟಾಪ್ ಕೊಡಿಸಲಿ. ಆಗ ನಿಮಗೆ ಏನು ಬೇಕು ಎಂದು ಅಂಗಡಿಯವರಿಗೆ ನೀವೇ ಹೇಳಬಲ್ಲಿರಿ.

ಸಂ.