ಮೂವರಲ್ಲಷ್ಟೇ ಕಂಡ ರೂಪಾಂತರಕ್ಕೆ ಲೆಕ್ಕ ಹೇಗೆ?

ಪ್ರಶ್ನೆ: ನಲವತ್ತರ ಹರೆಯದಲ್ಲೇ ಅಣ್ಣನಿಗೆ ಹೃದಯಾಘಾತವಾಯಿತು. ಕೊಲೆಸ್ಟ್ರಾಲ್ ವಿಪರೀತವಿದ್ದುದರಿಂದ ಹುಬ್ಬಳ್ಳಿಯ ವೈದ್ಯರು ವಂಶವಾಹಿ ಪರೀಕ್ಷೆ ಮಾಡಿಸಿದರು. ‘ಅಪರೂಪದ ರೂಪಾಂತರವಿದೆ, ಮಹತ್ವ ಅನಿಶ್ಚಿತ’ ಎಂದು ವರದಿ ಬಂದಿದೆ. ಇಷ್ಟು ವಿರಳವಾದುದಕ್ಕೂ ರೋಗಕ್ಕೂ ನಂಟಿದೆಯೆಂದು ಯಾವ ಲೆಕ್ಕದಿಂದ ಹೇಳುತ್ತಾರೆ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ರೂಪಾಂತರವೆಂದರೆ ವಂಶವಾಹಿಯಲ್ಲಿನ ಒಂದು ಬದಲಾವಣೆ. ಅಂಥ ಒಂದನ್ನೇ ಹಿಡಿದು ಕೂತರೆ ಲೆಕ್ಕ ಕೈಕೊಡುತ್ತದೆ. 5,000 ರೋಗಿಗಳು, 5,000 ಆರೋಗ್ಯವಂತರ ಪೈಕಿ ಮೂವರಲ್ಲಷ್ಟೇ ಅದು ಕಂಡಿದೆ, ಮೂವರೂ ರೋಗಿಗಳೇ ಎಂದುಕೊಳ್ಳೋಣ. ರೋಗಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲದಿದ್ದರೂ ಹಾಗಾಗುವ ಸಂಭವ 8ಕ್ಕೆ 1.

ಆದ್ದರಿಂದ ಒಂದು ವಂಶವಾಹಿಯಲ್ಲಿ ಕಂಡುಬರುವ, ಶೇ 1ಕ್ಕಿಂತ ವಿರಳವಾದ, ಪ್ರೋಟೀನನ್ನು ಕೆಡಿಸಬಲ್ಲ ರೂಪಾಂತರಗಳನ್ನೆಲ್ಲ ಒಟ್ಟಿಗೆ ಎಣಿಸಿ, ಅವನ್ನು ಹೊತ್ತವರು ರೋಗಿಗಳಲ್ಲಿ ಹೆಚ್ಚಿದ್ದಾರೆಯೇ ಎಂದು ನೋಡುತ್ತಾರೆ. ಇದೇ ಬರ್ಡನ್ ಪರೀಕ್ಷೆ. ಹೀಗೆ ಸಿಕ್ಕ 60 ಮಂದಿಯಲ್ಲಿ 45 ಮಂದಿ ರೋಗಿಗಳಾಗಿದ್ದರೆ, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ರೋಗಿಗಳು ಬರೀ ಆಕಸ್ಮಿಕವಾಗಿ ಒದಗುವ ಸಂಭವ ಸುಮಾರು 15,000ಕ್ಕೆ 1. ಸಾಕಲ್ಲವೇ ಎನ್ನಿಸಬಹುದು, ಸಾಲದು. ಮನುಷ್ಯನ ಸುಮಾರು 20,000 ವಂಶವಾಹಿಗಳನ್ನೂ ಜಾಲಾಡುವಾಗ ಒಂದೆರಡು ಸುಮ್ಮನೆಯೇ ಹೀಗೆ ತೋರುತ್ತವೆ. ಹಾಗಾಗಿ 4 ಲಕ್ಷಕ್ಕೆ 1ಕ್ಕಿಂತ ಕಡಿಮೆ ಸಂಭವವನ್ನು ಗಡಿಯಾಗಿ ಇಟ್ಟುಕೊಳ್ಳುವುದು ವಾಡಿಕೆ.

ಇನ್ನೊಂದು ತೊಡಕು ನಿಮ್ಮ ಅಣ್ಣನವರ ಕಾಯಿಲೆಗೇ ಹತ್ತಿರದ್ದು. ಪಿಸಿಎಸ್‌ಕೆ9 ಎಂಬ ವಂಶವಾಹಿಯ ಕೆಲವು ರೂಪಾಂತರಗಳು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತವೆಂದು 2003ರಲ್ಲಿ ತಿಳಿಯಿತು. ಅದೇ ವಂಶವಾಹಿಯನ್ನು ನಿಷ್ಕ್ರಿಯಗೊಳಿಸುವ ರೂಪಾಂತರಗಳು ಅದನ್ನು ಇಳಿಸಿ ಹೃದಯವನ್ನು ಕಾಯುತ್ತವೆಂದು ಮುಂದಿನ ಮೂರು ವರ್ಷಗಳಲ್ಲಿ ಗೊತ್ತಾಯಿತು. ಎರಡನ್ನೂ ಕೂಡಿಸಿದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. 2011ರಲ್ಲಿ ಬಂದ ಸ್ಕ್ಯಾಟ್ ಎಂಬ ಲೆಕ್ಕದ ವಿಧಾನವು ಪ್ರತಿ ರೂಪಾಂತರಕ್ಕೂ ರೋಗಕ್ಕೂ ಇರುವ ನಂಟನ್ನು ಅಳೆಯುವ ಅಂಕವನ್ನು ಅದರಿಂದಲೇ ಗುಣಿಸಿ (ವರ್ಗ ಮಾಡಿ) ಕೂಡಿಸುವುದರಿಂದ ಧನ-ಋಣದ ಗೊಡವೆಯಿಲ್ಲ. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಎಳೆಯುವಾಗ ಬರ್ಡನ್ ಪರೀಕ್ಷೆಯೇ ಹೆಚ್ಚು ಚುರುಕು. ಎರಡನ್ನೂ ಬೆಸೆದ ಸ್ಕ್ಯಾಟ್-ಓ ಮರುವರ್ಷವೇ ಬಂದಿತು.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವಲ್ಲಿ ಒಂದು ವಿರಳ ರೂಪಾಂತರ ಕೆಲವೇ ಮನೆತನಗಳಲ್ಲಿ ಗುಂಪುಗೂಡಿರುತ್ತದೆ. ರೋಗಿಗಳನ್ನು ಹಾವೇರಿ-ಗದಗದ ಹಳ್ಳಿಗಳಿಂದಲೂ ಆರೋಗ್ಯವಂತರನ್ನು ಬೇರೆಲ್ಲಿಂದಲೋ ಆರಿಸಿದರೆ, ಬರೀ ಮನೆತನದ ಗುರುತೇ ರೋಗದ ಕಾರಣದಂತೆ ಕಾಣುತ್ತದೆ. ಅದಕ್ಕೇ ಯಾರು ಯಾರಿಗೆ ಎಷ್ಟು ಹತ್ತಿರದ ಸಂಬಂಧಿಗಳೆಂಬುದನ್ನು ವಂಶವಾಹಿ ಮಾಹಿತಿಯಿಂದಲೇ ಅಳೆದು ಲೆಕ್ಕದೊಳಗೆ ಸೇರಿಸುತ್ತಾರೆ. ಇದನ್ನು ಬಿಟ್ಟ ಅಧ್ಯಯನವನ್ನು ನಾನಂತೂ ನಂಬುವುದಿಲ್ಲ.

ಇಷ್ಟಾದರೂ ಈ ಪರೀಕ್ಷೆಗಳು ಬೊಟ್ಟು ಮಾಡುವುದು ವಂಶವಾಹಿಯತ್ತಲೇ ಹೊರತು, ನಿಮ್ಮ ಅಣ್ಣನವರ ಆ ಒಂದು ರೂಪಾಂತರದತ್ತ ಅಲ್ಲ. ಅದನ್ನೇ ನೆಚ್ಚಿ ಔಷಧಿ ಬದಲಿಸಬಾರದು. ಕೊಲೆಸ್ಟ್ರಾಲಿನ ಚಿಕಿತ್ಸೆ ರಕ್ತಪರೀಕ್ಷೆಯನ್ನು ಆಧರಿಸಿ ನಡೆಯಲಿ. ತಂದೆ-ತಾಯಿ, ಒಡಹುಟ್ಟಿದವರ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವವರಲ್ಲೆಲ್ಲ ಆ ರೂಪಾಂತರವಿದ್ದು, ಉಳಿದವರಲ್ಲಿ ಇಲ್ಲದಿದ್ದರೆ ಸಂಶಯ ಬಲವಾಗುತ್ತದೆ. ಹೊಸ ಪುರಾವೆ ಬಂದಂತೆ ‘ಅನಿಶ್ಚಿತ’ ಎಂಬ ಷರಾ ಬದಲಾಗುವುದುಂಟು. ಆದ್ದರಿಂದ ಒಂದೆರಡು ವರ್ಷ ಬಿಟ್ಟು ವರದಿಯ ಮರುಪರಿಶೀಲನೆಗೆ ಕೇಳಿ.